ರಾತ್ರಿ ಸರ್ವೇಯಲ್ಲಿ ಜಿಪಿಎಸ್ ಕೈಕೊಡುವುದಕ್ಕೆ ಸೌರ ಬಿರುಗಾಳಿಯೇ ಕಾರಣವೇ?

ಪ್ರಶ್ನೆ

ಮಾನ್ಯರೇ, ನಾನು ಬೆಂಗಳೂರಿನಲ್ಲಿ ರಸ್ತೆ ಸರ್ವೇ ಕೆಲಸದಲ್ಲಿದ್ದೇನೆ. ಹಗಲಿನ ವಾಹನ ದಟ್ಟಣೆಯಿಂದಾಗಿ ಹೊರವರ್ತುಲ ರಸ್ತೆಯ ಅಳತೆಯನ್ನು ರಾತ್ರಿಯೇ ಮಾಡಬೇಕಾಗುತ್ತದೆ. ಮಾರ್ಚ್ ತಿಂಗಳಲ್ಲಿ ರಾತ್ರಿ ಎಂಟು ದಾಟುತ್ತಿದ್ದಂತೆ, ಆಕಾಶ ತೆರೆದಿದ್ದರೂ ಬೇಸ್ (ಒಂದೆಡೆ ನಿಲ್ಲಿಸಿದ ಜಿಪಿಎಸ್ ರಿಸೀವರ್) ಹತ್ತಿರದಲ್ಲೇ ಇದ್ದರೂ, ಅಳೆಯುತ್ತಾ ಒಯ್ಯುವ ರಿಸೀವರ್ ಆದ ರೋವರ್‌ನ ಪರದೆಯಲ್ಲಿ ‘ಫಿಕ್ಸ್’ (ನಿಖರ ಸ್ಥಾನ) ಹೋಗಿ ‘ಫ್ಲೋಟ್’ (ಒರಟು ಅಂದಾಜು) ಬರುತ್ತದೆ. ಸಹೋದ್ಯೋಗಿಗಳು ಸೌರ ಬಿರುಗಾಳಿಯತ್ತ ಬೆರಳು ತೋರಿಸುತ್ತಾರೆ. ಆದರೆ ಬಿರುಗಾಳಿಯ ಎಚ್ಚರಿಕೆಯಿದ್ದ ದಿನ ಉಪಕರಣ ಸರಿಯಾಗಿದ್ದು, ಯಾವ ಎಚ್ಚರಿಕೆಯೂ ಇಲ್ಲದ ದಿನ ಕೈಕೊಟ್ಟದ್ದುಂಟು. ಸೌರಮಾರುತದ, ಅಂದರೆ ಸೂರ್ಯನಿಂದ ಸತತವಾಗಿ ಹೊಮ್ಮುವ ವಿದ್ಯುದಾವೇಶದ ಕಣಗಳ ಹರಿವಿನ, ಏರುಪೇರು ನಮ್ಮೂರಿನವರೆಗೆ ಮುಟ್ಟುವುದು ಹೇಗೆಂದು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಮೊದಲು ಎಚ್ಚರಿಕೆಯ ವಿಷಯ. ಸೌರಮಾರುತದ ವೇಗ ಎಷ್ಟೇ ಇರಲಿ, ಅದು ಹೊತ್ತು ತರುವ ಕಾಂತಕ್ಷೇತ್ರವು ದಕ್ಷಿಣಾಭಿಮುಖವಾಗಿದ್ದರೆ ಮಾತ್ರ ಉತ್ತರಾಭಿಮುಖವಾದ ಭೂಮಿಯ ಕ್ಷೇತ್ರರೇಖೆಗಳೊಡನೆ ಸುಲಭವಾಗಿ ಬೆಸೆದುಕೊಂಡು ತನ್ನ ಶಕ್ತಿಯನ್ನು ಒಳಕ್ಕೆ ಸಾಗಿಸುತ್ತದೆ. ಈ ದಿಕ್ಕು ಖಚಿತವಾಗಿ ತಿಳಿಯುವುದು ಮಾರುತವು ಭೂಮಿಯಿಂದ ಸೂರ್ಯನ ಕಡೆಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವನ್ನು, ಅಂದರೆ ನಮ್ಮ ಆದಿತ್ಯ-ಎಲ್1 ನೌಕೆ ಇರುವ ಜಾಗವನ್ನು, ದಾಟಿದಾಗಲೇ. ಅಲ್ಲಿಂದಾಚೆಗೆ ಉಳಿಯುವುದು ಹೆಚ್ಚೆಂದರೆ ಒಂದು ಗಂಟೆಯ ಅವಧಿ. ಎಷ್ಟೋ ಎಚ್ಚರಿಕೆಗಳು ಹುಸಿಯಾಗುವುದು ಇದರಿಂದಲೇ.

2024ರ ಮೇ 10-11ರ ಮಹಾ ಬಿರುಗಾಳಿಯಲ್ಲಿ ಭೂಮಿಯನ್ನು ಸುತ್ತುವರಿಯುವ ವಿದ್ಯುತ್ ಪ್ರವಾಹವು ಬಲಗೊಂಡು, ಸಮಭಾಜಕದ ಆಸುಪಾಸಿನಲ್ಲಿ ಕಾಂತಕ್ಷೇತ್ರವನ್ನು ಸುಮಾರು 400 ನ್ಯಾನೋಟೆಸ್ಲಾದಷ್ಟು (ಇದು ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ) ತಗ್ಗಿಸಿತು. ಬೆಂಗಳೂರಿನ ಕ್ಷೇತ್ರ ಸುಮಾರು 40,000 ನ್ಯಾನೋಟೆಸ್ಲಾ ಇರುವುದರಿಂದ ಇದು ಶೇಕಡಾ ಒಂದರಷ್ಟೇ. ಆ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಕಂಡ ಕೆಂಪು ಬೆಳಕು ಸುದ್ದಿಯಾಯಿತು, ನಮ್ಮ ಮೇಲಿನ ಅಯಾನುಗೋಳದಲ್ಲಿ (ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರದಲ್ಲಿ) ಆದ ಬದಲಾವಣೆ ಸುದ್ದಿಯಾಗಲಿಲ್ಲ.

ಉತ್ತರ 2

ಮೇಲಿನವರ ವಿವರಣೆ ಸರಿಯಾಗಿದೆ. ಆದರೆ ತಾವು ಹೇಳಿದ ತಿಂಗಳು ಮತ್ತು ಹೊತ್ತನ್ನು ನೋಡಿದರೆ ಇಲ್ಲಿ ಬಿರುಗಾಳಿಯನ್ನು ದೂರುವಂತಿಲ್ಲ. ಕಾಂತೀಯ ಸಮಭಾಜಕ ರೇಖೆ (ಭೂಮಿಯ ಕಾಂತಕ್ಷೇತ್ರವು ನೆಲಕ್ಕೆ ಸಮಾನಾಂತರವಾಗಿರುವ ರೇಖೆ) ತಮಿಳುನಾಡಿನ ತಿರುನೆಲ್ವೇಲಿಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಬೆಂಗಳೂರು ಅದಕ್ಕೆ ತೀರ ಹತ್ತಿರ. ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿ ಪೂರ್ವಾಭಿಮುಖ ವಿದ್ಯುತ್ ಕ್ಷೇತ್ರವು ಕೆಲಕಾಲ ಹೆಚ್ಚಿ, ಅಯಾನುಗೋಳದ ಮೇಲ್ಪದರವನ್ನು ಇನ್ನಷ್ಟು ಎತ್ತರಕ್ಕೆ ಒಯ್ಯುತ್ತದೆ. ಅದೇ ವೇಳೆಗೆ ಬಿಸಿಲಿಲ್ಲದೆ ಕೆಳಪದರ ಬರಿದಾಗುವುದರಿಂದ ಕಡಿಮೆ ಸಾಂದ್ರತೆಯ ಪ್ಲಾಸ್ಮಾ (ವಿದ್ಯುದಾವೇಶದ ಅನಿಲ) ಗುಳ್ಳೆಗಳು ಹುಟ್ಟಿ ಮೇಲೇರಿ, ಕ್ಷೇತ್ರರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಚಾಚಿಕೊಳ್ಳುತ್ತವೆ. ಅವುಗಳ ಮೂಲಕ ಬರುವ ಉಪಗ್ರಹ ಸಂಕೇತ ಮಿನುಗಿ, ರಿಸೀವರಿನಲ್ಲಿ ಸೈಕಲ್ ಸ್ಲಿಪ್ ಆಗಿ, ಅಂದರೆ ಸಂಕೇತದ ಅಲೆಗಳ ಎಣಿಕೆ ತಪ್ಪಿ, ಫಿಕ್ಸ್ ಹೋಗುತ್ತದೆ. ಸೌರಚಟುವಟಿಕೆ ಉತ್ತುಂಗದಲ್ಲಿರುವ ವರ್ಷಗಳ ಮಾರ್ಚ್-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇದರ ಕಾಟ ಹೆಚ್ಚು. ಇದಕ್ಕೆ ಯಾವ ಬಿರುಗಾಳಿಯೂ ಬೇಕಿಲ್ಲ.

ಬಿರುಗಾಳಿಯ ಪಾತ್ರ ಎರಡು ಬಗೆಯದು. ಸೌರಮಾರುತದ ದಕ್ಷಿಣಾಭಿಮುಖ ಕಾಂತಕ್ಷೇತ್ರವು ನಮ್ಮ ಸಂಜೆಗೆ ಸರಿಯಾಗಿ ಬಂದು ತಾಗಿದರೆ, ಧ್ರುವಪ್ರದೇಶದಿಂದ ನಿಮಿಷಗಳಲ್ಲೇ ಒಳನುಗ್ಗುವ ವಿದ್ಯುತ್ ಕ್ಷೇತ್ರವು ಆ ಏರಿಕೆಗೆ ಕುಮ್ಮಕ್ಕು ಕೊಡುತ್ತದೆ. ಅದೇ ಬಿರುಗಾಳಿ ಹಲವು ಗಂಟೆ ಮೊದಲೇ ಆರಂಭವಾಗಿದ್ದರೆ, ಧ್ರುವಗಳಲ್ಲಿ ಕಾದ ಗಾಳಿಯ ಚಲನೆಯಿಂದ ಹುಟ್ಟುವ ವಿರುದ್ಧ ದಿಕ್ಕಿನ ಕ್ಷೇತ್ರವು ಸಂಜೆಯ ಗುಳ್ಳೆಗಳನ್ನು ಅಡಗಿಸಬಲ್ಲದು. ಎಚ್ಚರಿಕೆಯಿದ್ದ ದಿನ ತಮ್ಮ ರೋವರ್ ಸುಮ್ಮನಿದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಕೆಲಸದ ಹೊತ್ತು ಬದಲಿಸುವುದೇ ದಾರಿಯೇ?

ಉತ್ತರ 3

ಹೌದು. ಗುಳ್ಳೆಗಳು ಸಾಮಾನ್ಯವಾಗಿ ನಡುರಾತ್ರಿಯ ನಂತರ ಕ್ಷೀಣಿಸುವುದರಿಂದ ಎರಡು ಗಂಟೆಯಿಂದ ಬೆಳಗಿನ ಜಾವದವರೆಗಿನ ಅವಧಿ ಉತ್ತಮ. ದೊಡ್ಡ ಬಿರುಗಾಳಿಯ ರಾತ್ರಿಗಳಲ್ಲಿ ಮಾತ್ರ ಅದನ್ನೂ ನೆಚ್ಚಬೇಡಿ. ಹಲವು ಉಪಗ್ರಹ ವ್ಯವಸ್ಥೆಗಳನ್ನು ಒಟ್ಟಿಗೆ ಹಿಡಿಯುವ ರಿಸೀವರ್ ಇದ್ದರೆ, ಗುಳ್ಳೆ ಅಡ್ಡಬಂದ ದಿಕ್ಕಿನ ಉಪಗ್ರಹಗಳನ್ನು ಬಿಟ್ಟು ಉಳಿದವುಗಳಿಂದ ಕೆಲಸ ಸಾಗಿಸಬಹುದು. ಫ್ಲೋಟ್‌ನಲ್ಲಿ ಪಡೆದ ಬಿಂದುಗಳನ್ನು ಮಾತ್ರ ನಕ್ಷೆಗೆ ಸೇರಿಸದೆ, ಮರುದಿನ ಮತ್ತೊಮ್ಮೆ ಅಳೆಯಿರಿ.