ಜಪಾನಿನ ಬೆಟ್ಟದ ಹಿನೋಕಿ ತೋಪು: ಎಷ್ಟು ಮರಗಳನ್ನು ಕಡಿಯಬೇಕು?

ಪ್ರಶ್ನೆ:
ನಾನು ಜಪಾನಿನ ನಾರಾ ಪ್ರಾಂತ್ಯದಲ್ಲಿ ನೆಲೆಸಿದ್ದೇನೆ. ನೆರೆಮನೆಯ ಹಿರಿಯರ ಹಿನೋಕಿ (ಜಪಾನಿನ ಸೈಪ್ರೆಸ್ ಮರ) ತೋಪಿಗೆ ಸುಮಾರು 40 ವರ್ಷ. ಹೆಕ್ಟೇರಿಗೆ 3,000 ಸಸಿಗಳಂತೆ ನೆಟ್ಟ ಮೇಲೆ ಒಮ್ಮೆಯೂ ಮರಗಳನ್ನು ವಿರಳಗೊಳಿಸಿಲ್ಲವಂತೆ. ನಡುಹಗಲಲ್ಲೂ ಒಳಗೆ ಮಬ್ಬುಗತ್ತಲೆ, ನೆಲದಲ್ಲಿ ಹುಲ್ಲುಕಡ್ಡಿಯೂ ಇಲ್ಲ, ಮಣ್ಣು ಕೊಚ್ಚಿಹೋಗಿ ಬೇರುಗಳು ಬೆರಳುಗಳಂತೆ ಮೇಲೆದ್ದಿವೆ. ಒಮ್ಮೆಲೇ ಅರ್ಧದಷ್ಟು ಮರಗಳನ್ನು ಕಡಿದರೆ ಸರಿಹೋದೀತೇ?

ಉತ್ತರ 1:
ದಯವಿಟ್ಟು ಹಾಗೆ ಮಾಡಬೇಡಿ. ಬೆಳಕಿಗಾಗಿ ಪೈಪೋಟಿ ನಡೆಸಿದ ಮರಗಳು ಎತ್ತರಕ್ಕೆ ಹೋಗಿರುತ್ತವೆಯೇ ಹೊರತು ದಪ್ಪವಾಗಿರುವುದಿಲ್ಲ. ಅಕ್ಕಪಕ್ಕದ ಆಸರೆ ಒಮ್ಮೆಗೇ ತಪ್ಪಿದರೆ ಬಿರುಗಾಳಿಗೋ ಹಿಮದ ಭಾರಕ್ಕೋ ಉರುಳುತ್ತವೆ. ಎದೆಮಟ್ಟದಲ್ಲಿ ಕಾಂಡದ ವ್ಯಾಸವನ್ನು ಅಳೆದು ನೋಡಿ: 18 ಮೀಟರ್ ಎತ್ತರದ ಮರ 18 ಸೆಂಟಿಮೀಟರ್ ಮಾತ್ರ ದಪ್ಪವಿದ್ದರೆ ಎತ್ತರವನ್ನು ವ್ಯಾಸದಿಂದ ಭಾಗಿಸಿದಾಗ ಸಿಗುವ ಅನುಪಾತ 100 ಆಗುತ್ತದೆ, 80 ದಾಟಿದರೇ ಎಚ್ಚರ ಬೇಕು. ಮೊದಲ ಸುತ್ತಿನಲ್ಲಿ ಸೊರಗಿದ, ಬಾಗಿದ ಮರಗಳನ್ನು ಆರಿಸಿ ಐದರಲ್ಲೊಂದನ್ನು ತೆಗೆಸಿ, ಕೆಲವು ವರ್ಷಗಳ ಬಳಿಕ ಮತ್ತೊಂದು ಸುತ್ತು ಮಾಡಿಸಿ.

ಉತ್ತರ 2:
ಮಣ್ಣಿನ ವಿಚಾರ ನನಗೆ ಹೆಚ್ಚು ಆತಂಕ ತರುತ್ತದೆ. ಹಿನೋಕಿಯ ಎಲೆ ಉದುರಿದ ಮೇಲೆ ಸಣ್ಣ ಹುರುಪೆಗಳಾಗಿ ಒಡೆದು ಮಳೆನೀರಿನೊಡನೆ ಹರಿದುಹೋಗುವುದರಿಂದ ನೆಲಕ್ಕೆ ಹೊದಿಕೆಯೇ ಉಳಿಯುವುದಿಲ್ಲ. ಕಡಿದ ಕಾಂಡಗಳನ್ನು ಇಳಿಜಾರಿಗೆ ಅಡ್ಡಲಾಗಿ, ನಿಂತ ಮರಗಳ ಬುಡಕ್ಕೆ ಒರಗಿಸಿ ಮಲಗಿಸಿ.

ಉತ್ತರ 3:
ದಟ್ಟವಾಗಿ ನೆಡುವುದೇ ತಪ್ಪೆಂದು ತಿಳಿಯಬಾರದು. ನಿಮ್ಮ ಪ್ರಾಂತ್ಯದ ಯೋಶಿನೋದಲ್ಲಿಯೇ ಹೆಕ್ಟೇರಿಗೆ ಸುಮಾರು 10,000 ಸಸಿಗಳನ್ನು ನೆಟ್ಟು, ಮತ್ತೆ ಮತ್ತೆ ವಿರಳಗೊಳಿಸುತ್ತಾ ಉಂಗುರಗಳು ಒತ್ತಾಗಿ, ಸಮನಾಗಿರುವ ಮರ ಬೆಳೆಸುವ ಪರಂಪರೆಯಿದೆ. 2024ರಿಂದ ಪ್ರತಿಯೊಬ್ಬ ತೆರಿಗೆದಾರರಿಂದ ವರ್ಷಕ್ಕೆ 1,000 ಯೆನ್‌ನಂತೆ ಅರಣ್ಯ ತೆರಿಗೆ ಸಂಗ್ರಹವಾಗುತ್ತಿದ್ದು, ಆ ಹಣ ಇಂಥ ಕೆಲಸಕ್ಕೂ ಬಳಕೆಯಾಗುತ್ತದೆ. ಆ ಹಿರಿಯರನ್ನು ಕರೆದುಕೊಂಡು ಪುರಸಭೆಯಲ್ಲಿ ವಿಚಾರಿಸಿ.