ಶುಗರ್ ಇರುವ ಹೆಂಗಸರಿಗೆ ತುರಿಕೆ, ಉರಿ, ಸೇರುವಾಗ ನೋವು: ಅನುಭವ ಇದ್ದವರು ಹೇಳಿ

ಕೇಳಿದವರು, ದಾವಣಗೆರೆ ವಿದ್ಯಾನಗರ

ನನಗೆ 46 ವರ್ಷ. ಶುಗರ್ ಬಂದು ಎಂಟು ವರ್ಷ ಆಯ್ತು. ಮಾತ್ರೆ ನುಂಗುತ್ತೇನೆ, ಇನ್ಸುಲಿನ್ ಇಲ್ಲ. ಈಚೆಗೆ ಕೆಳಗೆ ತುರಿಕೆ, ಬಿಳಿ ಹೋಗುವುದು. ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ಮನೆಯವರ ಜೊತೆ ಸೇರಿದರೆ ಉರಿ, ನೋವು. ಆಸೆಯೂ ಹೋಗಿಬಿಟ್ಟಿದೆ. ಅವರು ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಆ ಕಡೆ ತಿರುಗಿ ಮಲಗುತ್ತಾರೆ. ಇದು ಶುಗರ್‌ನಿಂದ ಬರುವುದಾ, ವಯಸ್ಸಿನದ್ದಾ? ನನ್ನ ಶುಗರ್ ಡಾಕ್ಟರು ಗಂಡಸರು, ಅವರ ಹತ್ತಿರ ಹೇಗೆ ಹೇಳುವುದು?

ಹರಿಹರದಿಂದ, 54 ವರ್ಷ

ತಂಗಿ, ಮೊದಲು ನಿನ್ನ ಮಾತ್ರೆ ಸ್ಟ್ರಿಪ್‌ಗಳನ್ನು ತೆಗೆದು ಹಿಂದಿನ ಸಣ್ಣ ಅಕ್ಷರ ಓದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಏನಾದರೂ ಇದೆಯಾ?

ನನಗೆ ಶುಗರ್ ಬಂದು ಎಷ್ಟೋ ವರ್ಷವಾದರೂ ತುರಿಕೆ ಇರಲಿಲ್ಲ. ಮಾತ್ರೆ ಬದಲಾದ ಮೇಲೆ ಶುರುವಾಯಿತು. ಲೇಡಿ ಡಾಕ್ಟರು ಪರೀಕ್ಷೆಗೆ ಮೊದಲೇ "ಏನೇನು ಮಾತ್ರೆ ನುಂಗ್ತೀರಿ, ಬ್ಯಾಗಲ್ಲಿದ್ದರೆ ತೋರಿಸಿ" ಅಂದರು. ಸ್ಟ್ರಿಪ್ ತಿರುಗಿಸಿ, ಆ ಹೆಸರಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು. ಈ ಜಾತಿಯ ಮಾತ್ರೆ ರಕ್ತದಲ್ಲಿರುವ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಆ ಜಾಗದಲ್ಲಿ ಸಕ್ಕರೆ ಅಂಶ ಉಳಿದರೆ ಫಂಗಸ್ ಬೆಳೆಯುವುದಕ್ಕೆ ಅಷ್ಟು ಸಾಕು. ನಮ್ಮ ದೇಶದಲ್ಲಿ ಇವುಗಳ ಪೇಟೆಂಟ್ ಮುಗಿದು ಬೆಲೆ ಇಳಿದಿದೆ. ಹಾಗಾಗಿ ಈಗ ತುಂಬಾ ಜನರ ಚೀಟಿಯಲ್ಲಿ ಇದು ಇರುತ್ತದೆ.

ಹಾಗಂತ ನೀನೇ ನಿಲ್ಲಿಸಬೇಡ. ಹೃದಯಕ್ಕೆ, ಕಿಡ್ನಿಗೆ ಒಳ್ಳೆಯ ಮಾತ್ರೆ ಅದು. ನನಗೆ ಬೇರೆ ಬರೆದುಕೊಟ್ಟರು. ನಮ್ಮ ಓರಗಿತ್ತಿಗೆ ಕಿಡ್ನಿ ತೊಂದರೆ ಇರುವುದರಿಂದ ಅದನ್ನೇ ಮುಂದುವರಿಸಿ ಫಂಗಸ್‌ಗೆ ಔಷಧಿ ಕೊಟ್ಟರು.

ದಾವಣಗೆರೆಯಿಂದ, ಸ್ಟಾಫ್ ನರ್ಸ್

ಹರಿಹರದ ಅಕ್ಕ ಹೇಳಿದ್ದು ಸರಿ. ಆದರೆ ಆ ಮಾತ್ರೆ ಇಲ್ಲದವರಿಗೂ ಇದು ಬರುತ್ತದೆ. ರಕ್ತದಲ್ಲಿ ಶುಗರ್ ಸುಮಾರು 180 ದಾಟಿದರೆ ಮೂತ್ರದಲ್ಲಿ ಸಕ್ಕರೆ ಹೋಗಲು ಶುರುವಾಗುತ್ತದೆ. ಮೂರು ತಿಂಗಳ ಶುಗರ್ ಟೆಸ್ಟ್ ಮಾಡಿಸಿ ಎಷ್ಟು ವಾರ ಆಯ್ತು ನೋಡಿಕೊಳ್ಳಿ. ಅದು ಏರಿಕೊಂಡೇ ಇದ್ದರೆ ಎಂಥ ಕ್ರೀಮ್ ಹಚ್ಚಿದರೂ ತುರಿಕೆ ಮರಳಿ ಬರುತ್ತದೆ.

ಕ್ರೀಮಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮೆಡಿಕಲ್ ಶಾಪಿಗೆ ಹೋಗಿ, ಅಕ್ಕಪಕ್ಕ ಗಂಡಸರು ನಿಂತಿದ್ದಾರೆ ಅಂತ ತಗ್ಗಿದ ದನಿಯಲ್ಲಿ "ತುರಿಕೆಗೆ ಏನಾದ್ರೂ ಕೊಡಿ" ಅಂದರೆ, ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿದ ಟ್ಯೂಬ್ ಕೈಗೆ ಬರುತ್ತದೆ. ಮೇಲೆ ಕ್ಲೋಬೆಟಾಸಾಲ್, ಬೆಕ್ಲೋಮೆಥಾಸೋನ್ ಅಂತ ಇದ್ದರೆ ಅದೇ. ಮೊದಲೆರಡು ದಿನ ಹಾಯಾಗಿರುತ್ತದೆ. ಆಮೇಲೆ ಫಂಗಸ್ ಇನ್ನೂ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಡೆಟಾಲ್ ನೀರು, ಸೋಪು ಹಾಕಿ ಒಳಗೆಲ್ಲ ತೊಳೆಯುವುದೂ ಬೇಡ. ಹೊರಗೆ ಬರೀ ನೀರಲ್ಲಿ ತೊಳೆದು, ಒರೆಸಿ ಒಣಗಿಸಿ, ಕಾಟನ್ ಒಳಉಡುಪು ಹಾಕಿದರೆ ಸಾಕು.

ಫಂಗಸ್ ಅಂತ ಖಚಿತವಾದರೆ ಡಾಕ್ಟರು ಕ್ಲೋಟ್ರಿಮಜೋಲ್ ಅನ್ನುವ ಒಳಗಿಡುವ ಮಾತ್ರೆ ಕೊಡುತ್ತಾರೆ. ಇಲ್ಲ ನುಂಗುವ ಫ್ಲುಕೊನಜೋಲ್ 150 ಬರೆಯುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ನೀವು ಶುಗರ್‌ಗೆ ಗ್ಲಿಮೆಪಿರೈಡ್ ನುಂಗುತ್ತಿದ್ದರೆ, ಫ್ಲುಕೊನಜೋಲ್ ಜೊತೆಗೆ ಅದರ ಜೋರು ಹೆಚ್ಚಿ ಶುಗರ್ ಇಳಿಯಬಹುದು. ಬೆವರು, ಕೈ ನಡುಕ, ಕಣ್ಣು ಮಂಜು ಬಂದರೆ ತಕ್ಷಣ ಸಕ್ಕರೆ ನೀರು ಕುಡಿಯಿರಿ. ಅದಕ್ಕೇ ಮತ್ತೆ ಮತ್ತೆ ಹೇಳುವುದು, ಹಳೇ ಚೀಟಿ ತೋರಿಸಿ ಸುಮ್ನೆ ಮಾತ್ರೆ ತರಬೇಡಿ. ಬಸುರಿಯರು ಫ್ಲುಕೊನಜೋಲ್ ಮುಟ್ಟಲೇಬಾರದು.

ಬಿಳಿ ಹೋಗುವುದೆಲ್ಲ ಫಂಗಸ್ ಅಲ್ಲ. ಒಡೆದ ಹಾಲಿನ ಹಾಗೆ ಗಟ್ಟಿಯಾಗಿದ್ದು ತುರಿಕೆ ಇದ್ದರೆ ಹೆಚ್ಚಾಗಿ ಅದೇ. ಕೆಟ್ಟ ವಾಸನೆ, ಹಸಿರು-ಹಳದಿ ಬಣ್ಣ ಇದ್ದರೆ ಸೋಂಕೇ ಬೇರೆ, ಔಷಧಿಯೂ ಬೇರೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸೇರಿದ ಮೇಲೆ ರಕ್ತ ಬಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ 30 ದಾಟಿದ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಪುಕ್ಕಟೆ ಮಾಡುತ್ತಾರೆ, ಹೋದಾಗ ಅದನ್ನೂ ಕೇಳಿ. ಚಿಗಟೇರಿ ಆಸ್ಪತ್ರೆಗೆ ಹೋಗಲಿ, ಬಾಪೂಜಿಗೆ ಹೋಗಲಿ, ಚೀಟಿ ಮಾಡಿಸುವಾಗಲೇ "ಲೇಡಿ ಡಾಕ್ಟರಿಗೆ ತೋರಿಸಬೇಕು" ಅನ್ನಿ.

ಚಿತ್ರದುರ್ಗದಿಂದ, 52 ವರ್ಷ

ನನ್ನ ತುರಿಕೆ ವಾಸಿಯಾಯಿತು, ನೋವು ಮಾತ್ರ ಉಳಿಯಿತು. ಹಾಗಾಗಿ ಬರೆಯುತ್ತಿದ್ದೇನೆ, ನಿಮಗೂ ಎರಡು ತೊಂದರೆ ಒಟ್ಟಿಗೆ ಇರಬಹುದು.

ನನ್ನದು ಒಣಗುವಿಕೆ. ಆ ಸಮಯದಲ್ಲಿ ಒಳಗೆ ಪಸೆ ಬರಬೇಕಾದರೆ ಅಲ್ಲಿಗೆ ರಕ್ತ ಚೆನ್ನಾಗಿ ಹರಿಯಬೇಕು, ನರ ಚುರುಕಾಗಿರಬೇಕು. ಶುಗರ್ ಎರಡನ್ನೂ ನಿಧಾನವಾಗಿ ತಿನ್ನುತ್ತದೆ. ಕಾಲು ಜೋಮು ಹಿಡಿಯುವುದನ್ನು ಎಲ್ಲರೂ ಹೇಳುತ್ತಾರೆ, ಅಲ್ಲಿಯೂ ಸ್ಪರ್ಶ ಮಂಕಾಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಸುಖ ಸಿಗಲು ತುಂಬಾ ಹೊತ್ತು ಬೇಕಾಗುತ್ತದೆ, ಒಮ್ಮೊಮ್ಮೆ ಸಿಗುವುದೇ ಇಲ್ಲ. ಜೊತೆಗೆ ಮುಟ್ಟು ನಿಲ್ಲುವ ವಯಸ್ಸು. ಶುಗರ್ರಾ ವಯಸ್ಸಾ ಅಂತ ಕೇಳಿದಿರಲ್ಲ, ನನ್ನ ಮಟ್ಟಿಗೆ ಎರಡೂ.

ನೀರಿನಂಶದ ಜೆಲ್ಲಿಯಿಂದ ಅರ್ಧ ತೊಂದರೆ ಕಳೆಯಿತು. ಕಾಂಡೋಮ್ ಬಳಸುವವರು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಹರಿದುಹೋಗುತ್ತದೆ. ಉಳಿದ ಅರ್ಧಕ್ಕೆ ಡಾಕ್ಟರು ಒಳಗೆ ಹಚ್ಚುವ ಈಸ್ಟ್ರೋಜನ್ (ಹೆಣ್ಣಿನ ಹಾರ್ಮೋನ್) ಕ್ರೀಮ್ ಕೊಟ್ಟರು. ಸ್ತನ ಕ್ಯಾನ್ಸರ್ ಆದವರು ಅದನ್ನು ಮೊದಲೇ ತಿಳಿಸಬೇಕು. ಆಸೆ ಕಡಿಮೆ ಅಂದಿದ್ದಕ್ಕೆ ಥೈರಾಯ್ಡ್, ರಕ್ತ ಎಷ್ಟಿದೆ ಅಂತಲೂ ನೋಡಿದರು. ಕೆಲವು ಬಿಪಿ ಮಾತ್ರೆ, ಮನಸ್ಸಿನ ಮಾತ್ರೆಗಳಿಂದಲೂ ಆಸೆ ಕುಗ್ಗುತ್ತದಂತೆ.

ಇನ್ನೊಂದು ಮಾತು. ರಾತ್ರಿ ಪಾತ್ರೆ ತೊಳೆದು, ಬೆಳಗಿನ ಸಾರಿಗೆ ಅವರೆಕಾಯಿ ಬಿಡಿಸಿಟ್ಟು, ಹನ್ನೊಂದು ಗಂಟೆಗೆ ಹಾಸಿಗೆಗೆ ಬಿದ್ದರೆ ಆಸೆ ಎಲ್ಲಿಂದ ಬರಬೇಕು? ನಾನು ನಮ್ಮ ಯಜಮಾನರಿಗೆ ಕೋಟೆ ಕಡೆ ವಾಕಿಂಗ್ ಹೋಗುವಾಗ ಹೇಳಿದೆ. ಮುಖ ನೋಡದೆ ನಡೆಯುತ್ತಾ ಹೇಳುವುದು ಸುಲಭ. "ನಿನಗೆ ನಾನೇ ಬೇಡವಾದೆ ಅಂದ್ಕೊಂಡಿದ್ದೆ" ಅಂದರು. ನೋವಾಗುತ್ತದೆ ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಈಗ ಪಾತ್ರೆ ಅವರೇ ತೊಳೆಯುತ್ತಾರೆ, ಅವಸರ ಮಾಡುವುದಿಲ್ಲ.

ಹಿರಿಯೂರಿನಿಂದ, 31 ವರ್ಷ

ಅಕ್ಕ, ನನಗೆ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಶುಗರ್, ಸ್ಕೂಲಲ್ಲಿದ್ದಾಗಿನಿಂದ ಇನ್ಸುಲಿನ್. ಇನ್ಸುಲಿನ್ ತಗೊಳ್ಳುವವರಿಗೆ ಒಂದು ವಿಷಯ: ಸೇರುವುದೂ ಮೈಗೆ ವ್ಯಾಯಾಮವೇ, ಮಧ್ಯದಲ್ಲಿ ಶುಗರ್ ಇಳಿಯಬಹುದು. ಹಾಸಿಗೆ ಪಕ್ಕ ಗ್ಲೂಕೋಸ್ ಇಟ್ಟುಕೊಳ್ಳಿ.

ಮನಸ್ಸನ್ನು ಬಿಡಬೇಡಿ. ಅಮೆರಿಕ, ಕೆನಡಾದಲ್ಲಿ ಟೈಪ್ 1 ಇರುವವರನ್ನು ವರ್ಷಗಟ್ಟಲೆ ಗಮನಿಸಿದ ಡಿಸಿಸಿಟಿ ಅಧ್ಯಯನ ಇದೆ. ಅದರ ಹೆಂಗಸರ ಬಗ್ಗೆ 2009ರಲ್ಲಿ ಬಂದ ವರದಿಯಲ್ಲಿ, ಲೈಂಗಿಕ ಸಂಬಂಧ ಇಟ್ಟುಕೊಂಡಿದ್ದವರಲ್ಲಿ ನೂರಕ್ಕೆ 35 ಮಂದಿಗೆ ಲೈಂಗಿಕ ತೊಂದರೆ ಇತ್ತು. ಖಿನ್ನತೆಗೂ ಇದಕ್ಕೂ ಗಟ್ಟಿ ನಂಟು ಕಂಡಿತ್ತು. ದಿನವಿಡೀ ಶುಗರ್ ಲೆಕ್ಕ ಹಾಕುವ ಬೇಸರ ಸಣ್ಣದಲ್ಲ. ಅಳು ಬರುತ್ತಿದ್ದರೆ, ನಿದ್ದೆ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕೇಳಿದವರು

ಎಲ್ಲರಿಗೂ ತುಂಬಾ ಉಪಕಾರವಾಯ್ತು. ಸ್ಟ್ರಿಪ್ ನೋಡಿದೆ, ಡಾಪಾ ಇದೆ. ಗ್ಲಿಮೆಪಿರೈಡೂ ಇದೆ. ಮನೆಯವರಿಗೂ ಶುಗರ್. ಅವರಿಗೂ ತುದಿಯಲ್ಲಿ ಚರ್ಮ ಬಿರಿದು ಉರಿ ಇದೆಯಂತೆ. ನನ್ನಿಂದ ಅಂಟಿತಾ? ಮತ್ತೆ, ಡಾಕ್ಟರ ಮುಂದೆ ಕೂತರೆ ನನಗೆ ಬಾಯೇ ಬರುವುದಿಲ್ಲ.

ಸ್ಟಾಫ್ ನರ್ಸ್

ಯಾರಿಂದ ಯಾರಿಗೆ ಅಂತ ಹುಡುಕಬೇಡಿ. ಅವರ ಶುಗರ್ ಏರಿದ್ದರೆ ಅವರಿಗೆ ತಾನಾಗಿಯೇ ಬರಬಹುದು. ಉರಿ ಇದೆಯಲ್ಲ, ಅವರೂ ತೋರಿಸಲಿ. ಇಬ್ಬರದ್ದೂ ವಾಸಿಯಾಗುವವರೆಗೆ ಸೇರುವುದು ಬೇಡ.

ಬಾಯಿ ಬರದಿದ್ದರೆ ಬರೆದುಕೊಂಡು ಹೋಗಿ. ನಮ್ಮಲ್ಲಿಗೆ ಹಾಗೆ ಚೀಟಿ ಹಿಡಿದು ಬರುವವರು ಇದ್ದಾರೆ, ಡಾಕ್ಟರಿಗೂ ಅದು ಸುಲಭ. ಇಷ್ಟು ಸಾಕು: "ಎಂಟು ವರ್ಷದಿಂದ ಶುಗರ್. ಕೆಳಗೆ ತುರಿಕೆ, ಬಿಳಿ ಹೋಗುತ್ತದೆ, ಮತ್ತೆ ಮತ್ತೆ ಬರುತ್ತದೆ. ಗಂಡನ ಜೊತೆ ಸೇರುವಾಗ ನೋವು. ಆಸೆ ಇಲ್ಲ. ಡಾಪಾಗ್ಲಿಫ್ಲೋಜಿನ್, ಗ್ಲಿಮೆಪಿರೈಡ್ ನುಂಗುತ್ತೇನೆ." ಮುಟ್ಟು ಸರಿಯಾಗಿ ಆಗುತ್ತಿದೆಯಾ, ನಿಂತಿದೆಯಾ ಅನ್ನುವುದನ್ನೂ ಒಂದು ಸಾಲು ಸೇರಿಸಿ.