ಅಪ್ಪಂಗೆ 71 ವರ್ಷ, ಕಾರಿಗೆ ಫುಲ್ ಇನ್ಶೂರೆನ್ಸ್ ಬೇಕಾ ಥರ್ಡ್ ಪಾರ್ಟಿ ಸಾಕಾ?

ಗುಬ್ಬಿಗೇಟ್ ಹುಡ್ಗ:
ನಮ್ಮಪ್ಪ ರಿಟೈರ್ಡ್ ಮೇಷ್ಟ್ರು, ಗಾಡಿ 2018ರ ವ್ಯಾಗನ್ ಆರ್, 998 ಸಿಸಿ, ಕೆಎ 06, ಅವರ ಹೆಸ್ರಲ್ಲೇ ಇದೆ. ತುಮಕೂರಿಂದ ತೋಟಕ್ಕೆ ಹೋಗಿ ಬರೋದು, ಮದುವೆ ಮುಂಜಿ ಇದ್ರೆ ಬೆಂಗಳೂರು, ಅಷ್ಟೇ ಓಡ್ಸೋದು. ಇಲ್ಲೀವರ್ಗೂ ಒಂದು ಕ್ಲೇಮೂ ಮಾಡಿಲ್ಲ, ಹಂಗೆ ಕ್ಲೇಮ್ ಮಾಡದೇ ಇದ್ದಿದ್ದಕ್ಕೆ ಸಿಗೋ ರಿಯಾಯ್ತಿ ಎನ್‌ಸಿಬಿ 50 ಪರ್ಸೆಂಟ್ ಇದೆ. ಈಗ ರಿನ್ಯೂವಲ್‌ಗೆ ಏಜೆಂಟ್ ಫೋನ್ ಮಾಡಿ ಯಜಮಾನ್ರಿಗೆ ವಯಸ್ಸಾಯ್ತಲ್ಲ ಅದಕ್ಕೆ ಪ್ರೀಮಿಯಂ ಜಾಸ್ತಿ ಅಂದ, ಅಪ್ಪಂಗೆ ಸಿಟ್ಟು ಬಂದು ಹಂಗಾದ್ರೆ ಬೇರೆಯವ್ರ ನಷ್ಟಕ್ಕೆ ಮಾತ್ರ ಇರೋ ಥರ್ಡ್ ಪಾರ್ಟಿ ಒಂದೇ ಕಟ್ಟು ಅಂತ ಕೂತವ್ರೆ. ಗಾಡಿ ನನ್ನ ಹೆಸ್ರಿಗೆ ಮಾಡ್ಸಿದ್ರೆ ಕಮ್ಮಿ ಆಗತ್ತಾ?

ಕ್ಯಾತ್ಸಂದ್ರ ಕಾರ್‌ವಾಲಾ:
ಗುರು, ಥರ್ಡ್ ಪಾರ್ಟಿ ರೇಟ್ ಸರ್ಕಾರ ಫಿಕ್ಸ್ ಮಾಡೋದು, ಸಿಸಿ ನೋಡ್ತಾರೆ ಹೊರತು ಓಡ್ಸೋರ ವಯಸ್ಸು ನೋಡಲ್ಲ. 2022 ಜೂನ್‌ನಲ್ಲಿ ಬಂದ ರೇಟ್ ಪ್ರಕಾರ 1000 ಸಿಸಿವರೆಗೆ 2,094, 1500ರವರೆಗೆ 3,416, ಅದಕ್ಕಿಂತ ಮೇಲೆ 7,897, ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಯೂಟ್ಯೂಬಲ್ಲಿ ಅಮೆರಿಕದ ವಿಡಿಯೋ ನೋಡಿ 70 ದಾಟಿದ್ರೆ ಪ್ರೀಮಿಯಂ ಏರತ್ತೆ ಅಂತ ಇಲ್ಲೂ ಹೇಳ್ಕೊಂಡು ಓಡಾಡ್ತಾರೆ. ಫುಲ್ ಇನ್ಶೂರೆನ್ಸಲ್ಲಿ ನಮ್ಮ ಗಾಡಿ ನಷ್ಟಕ್ಕೆ ಇರೋ ಓನ್ ಡ್ಯಾಮೇಜ್ ಭಾಗದಲ್ಲಿ ಮಾತ್ರ ಕಂಪ್ನಿಗೊಂದು ಲೆಕ್ಕ, ಆದ್ರೂ ಮುಖ್ಯವಾಗಿ ಐಡಿವಿ (ಗಾಡಿಗೆ ಕಂಪ್ನಿ ಹಿಡಿಯೋ ಈಗಿನ ಬೆಲೆ), ಗಾಡಿ ಎಷ್ಟು ಹಳೇದು, ಯಾವ ಆರ್‌ಟಿಓ, ಇಷ್ಟೇ. ಏಜೆಂಟ್ ಹತ್ರ ಯಾವುದಕ್ಕೆ ಎಷ್ಟು ಅನ್ನೋ ಬ್ರೇಕಪ್ ವಾಟ್ಸಾಪಲ್ಲಿ ಕಳ್ಸು ಅನ್ನಿ, ಬಾಯಿಮಾತು ಬೇಡ.
ಹೆಸ್ರು ಬದಲಾಯಿಸೋ ಕೆಲ್ಸ ಮಾತ್ರ ಮಾಡ್ಬೇಡಿ. ಎನ್‌ಸಿಬಿ ಗಾಡಿದಲ್ಲ, ಓನರ್‌ದು. ನಿಮ್ಮ ಹೆಸ್ರಿಗೆ ಬಂದ ದಿನ ಆ 50 ಪರ್ಸೆಂಟ್ ಹೋಯ್ತು.

ತಿಪಟೂರು ಕೊಬ್ರಿ:
ತೋಟಕ್ಕೆ ಹೋಗೋ ಗಾಡಿಗೆ ಬರೀ ಥರ್ಡ್ ಪಾರ್ಟಿನಾ ಅಣ್ಣ? ನಮ್ಮ ಚಿಕ್ಕಪ್ಪ ಮರದ ಕೆಳಗೆ ನಿಲ್ಸಿ ಪಂಪ್‌ಸೆಟ್ ಆನ್ ಮಾಡಕ್ಕೆ ಹೋಗಿದ್ರು, ಬರೋಷ್ಟರಲ್ಲಿ ಒಂದು ಒಣಗಿದ ಗರಿ ಜೊತೆಗೆ ಎರಡು ಕಾಯಿ ಬಿದ್ದು ಮುಂದಿನ ಗಾಜು ಜೇಡರ ಬಲೆ ಥರ ಬಿರುಕು ಬಿಟ್ಟಿತ್ತು, ಬಾನೆಟ್ ಗುಂಡಿ. ಥರ್ಡ್ ಪಾರ್ಟಿಲಿ ಇದಕ್ಕೆ ಒಂದು ಪೈಸೆ ಬರಲ್ಲ, ಅದು ಬೇರೆಯವ್ರಿಗೆ ಆದ ನಷ್ಟಕ್ಕೆ. ಓನ್ ಡ್ಯಾಮೇಜ್ ಇದ್ದಿದ್ರಿಂದ ಸಿಕ್ತು. ಗಾಜಿಗೆ ಡಿಪ್ರಿಸಿಯೇಶನ್ (ಹಳೇದಾಗಿದ್ದಕ್ಕೆ ಹಿಡಿಯೋ ದುಡ್ಡು) ಕಟ್ ಇಲ್ಲ, ಪ್ಲಾಸ್ಟಿಕ್ ರಬ್ಬರ್‌ಗೆ ಅರ್ಧ ಹಿಡೀತಾರೆ, ತಗಡಿಗೆ ಗಾಡಿ ವಯಸ್ಸು ನೋಡಿ, ಮತ್ತೆ ಕಂಪಲ್ಸರಿ 1,000 ಕೈಯಿಂದ. ಝೀರೋ ಡೆಪ್ ಅನ್ನೋ ಎಕ್ಸ್ಟ್ರಾ ಕವರ್ ಇದ್ರೆ ಈ ಡಿಪ್ರಿಸಿಯೇಶನ್ ಕಟ್ ತಪ್ಪತ್ತೆ, ಆದ್ರೆ ಐದು ವರ್ಷ ದಾಟಿದ ಗಾಡಿಗೆ ಕೆಲವು ಕಂಪ್ನಿ ಕೊಡೋದೇ ಇಲ್ಲ, ಕೇಳ್ನೋಡಿ. ಸಣ್ಣಪುಟ್ಟ ಗೀರಿಗೆ ಕ್ಲೇಮ್ ಹಾಕ್ಬೇಡಿ, ಎನ್‌ಸಿಬಿ ಸೊನ್ನೆಗೆ ಬೀಳತ್ತೆ.

ಮಾಲೂರು ಮಾಮ:
ಎಲ್ರಿಗೂ ಫುಲ್ ಅಂತ ಹೇಳ್ಬೇಡ್ರಪ್ಪ. ನಮ್ಮಲ್ಲಿ ಹಳೇ ಮಾರುತಿ 800 ಐತೆ, ಐಡಿವಿ ಏನೂ ಇಲ್ಲ, ಅದಕ್ಕೆ ಥರ್ಡ್ ಪಾರ್ಟಿನೇ ಸೈ. ಇವ್ರ ವ್ಯಾಗನ್ ಆರ್‌ಗೆ ಇನ್ನೂ ಬೆಲೆ ಐತೆ, ಅದು ಬೇರೆ ಮಾತು.

ಚಿಂತಾಮಣಿ ಸೊಸೆ:
ಎಲ್ರೂ ಪ್ರೀಮಿಯಂ ಪ್ರೀಮಿಯಂ ಅಂತಿದೀರ, ಅಪ್ಪಾಜಿ ಡಿಎಲ್ ಡೇಟ್ ಯಾರಾದ್ರೂ ನೋಡಿದ್ರಾ? ವಯಸ್ಸಿನ ಹೊಡೆತ ಬೀಳೋದು ಅಲ್ಲಿ. 55 ಆದ್ಮೇಲೆ ಒಂದ್ಸಲಕ್ಕೆ ಐದು ವರ್ಷ ಮಾತ್ರ ರಿನ್ಯೂವಲ್, ಫಾರ್ಮ್ 1ಎ ಮೆಡಿಕಲ್ ಸರ್ಟಿಫಿಕೇಟ್ ಬೇಕು. ಡಿಎಲ್ ಡೇಟ್ ಮುಗಿದ್ಮೇಲೂ ಮುಂಚೆ ಇದ್ದ 30 ದಿನದ ವಿನಾಯಿತಿ 2019ರ ತಿದ್ದುಪಡೀಲಿ ತೆಗೆದ್ರು. ಆಕ್ಸಿಡೆಂಟ್ ದಿನ ಡಿಎಲ್ ಚಾಲ್ತೀಲಿ ಇಲ್ಲ ಅಂದ್ರೆ ಎಷ್ಟು ದುಬಾರಿ ಪಾಲಿಸಿ ಇದ್ರೂ ನಿಮ್ಮ ಗಾಡಿ ಕ್ಲೇಮ್ ರಿಜೆಕ್ಟ್ ಮಾಡಕ್ಕೆ ಅವ್ರಿಗೆ ದಾರಿ ಆಯ್ತು. ಓನರ್ ಡ್ರೈವರ್‌ಗೆ ಇರೋ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್‌ಗೂ ಡಿಎಲ್ ಬೇಕೇ ಬೇಕು. ಪಾಲಿಸಿ ಡೇಟೂ ಮೀರಿಸ್ಬೇಡಿ, 90 ದಿನ ದಾಟಿದ್ರೆ ಎನ್‌ಸಿಬಿ ಖಲಾಸ್.

ಗುಬ್ಬಿಗೇಟ್ ಹುಡ್ಗ:
ಬ್ರೇಕಪ್ ತರಿಸ್ದೆ. ವಯಸ್ಸಿಗೆ ಅಂತ ಎಲ್ಲೂ ಒಂದು ಸಾಲಿಲ್ಲ! ಕೀ ಕಳೆದ್ರೆ ಕವರ್, ಟೈರ್ ಕವರ್, ಬ್ಯಾಗ್ ಕಳೆದ್ರೆ ಕವರ್, ಕೇಳ್ದೇನೇ ತುಂಬವ್ನೆ. ಅವೆಲ್ಲ ತೆಗೆಸಿ ಓನ್ ಡ್ಯಾಮೇಜ್, ರೋಡ್‌ಸೈಡ್ ಅಸಿಸ್ಟೆನ್ಸ್ ಇಟ್ಕೊಂಡೆ, ಬ್ಯಾಟರಿ ಡೌನ್ ಆದ್ರೆ ತೋಟದ ಹತ್ರ ತಳ್ಳೋರೂ ಸಿಗಲ್ಲ. ಅಪ್ಪನೂ ಒಪ್ಕೊಂಡ್ರು. ಡಿಎಲ್ ಮುಂದಿನ ಮಾರ್ಚ್‌ಗೆ ಮುಗಿಯತ್ತೆ ಅಕ್ಕ, ಈಗ್ಲೇ ಹಾಕ್ಬೋದಾ?

ಚಿಂತಾಮಣಿ ಸೊಸೆ:
ಹಾಕಿ, ಮುಗಿಯೋಕೆ ಒಂದು ವರ್ಷ ಮುಂಚೆಯಿಂದ್ಲೇ ಡಿಎಲ್ ಕೆಲ್ಸಕ್ಕೆ ಇರೋ ಸರ್ಕಾರಿ ಸಾರಥಿ ಪೋರ್ಟಲಲ್ಲಿ ತಗೋತಾರೆ. ಮೊದ್ಲು ಕಣ್ಣು ಚೆಕ್ ಮಾಡ್ಸಿ, ಪೊರೆ ಗಿರೆ ಇದ್ರೆ ಆಪರೇಷನ್ ಮುಗಿಸ್ಕೊಂಡೇ ಫಾರ್ಮ್‌ಗೆ ಡಾಕ್ಟ್ರ ಹತ್ರ ಸೈನ್ ಹಾಕಿಸ್ಕೊಳಿ.